ದೇವಿಕಾ ರಾಣಿ: ಒಬ್ಬ ನಟಿಯ ಜೀವನ, ಒಂದು ಚಿತ್ರಸಂಸ್ಥೆಯ ಇತಿಹಾಸ

೧. ವಿಷಯ ಪ್ರವೇಶ

ಆಧುನಿಕ ಭಾರತದ ಇತಿಹಾಸಕಾರರು ರಾಜಕೀಯ ಚಳವಳಿಗಳನ್ನೂ ಆಡಳಿತ ಸುಧಾರಣೆಗಳನ್ನೂ ಆರ್ಥಿಕ ಬದಲಾವಣೆಗಳನ್ನೂ ವಿವರವಾಗಿ ಪರಿಶೀಲಿಸಿದ್ದಾರೆ. ಆದರೆ ಅದೇ ಕಾಲದಲ್ಲಿ ಲಕ್ಷಾಂತರ ಜನರ ಮನಸ್ಸನ್ನು ಸೆಳೆದ ಚಲಚ್ಚಿತ್ರದ ಕಡೆಗೆ ಅವರ ದೃಷ್ಟಿ ಬಹುಕಾಲ ಹರಿಯಲಿಲ್ಲ. ಹರಿದಾಗಲೂ ನಿರ್ಮಾಪಕರಿಗೆ ಮತ್ತು ನಿರ್ದೇಶಕರಿಗೆ ದೊರೆತ ಸ್ಥಾನ ನಟಿಯರಿಗೆ ದೊರೆಯಲಿಲ್ಲ. ನಟಿಯ ವಿಷಯವೆಂದರೆ ರೂಪದ ವರ್ಣನೆ, ಪ್ರಣಯದ ಪ್ರಸಂಗ, ಪ್ರಶಸ್ತಿಗಳ ಪಟ್ಟಿ, ಇಷ್ಟರಲ್ಲಿಯೇ ಮುಗಿಯುವುದು ವಾಡಿಕೆಯಾಯಿತು. ಆಕೆ ಮಾಡಿದ ಕೆಲಸವೇನು, ಆ ಕೆಲಸ ಯಾವ ಸಂಸ್ಥೆಯ ಚೌಕಟ್ಟಿನಲ್ಲಿ ನಡೆಯಿತು, ಆ ಸಂಸ್ಥೆಯ ಉಳಿವು ಅಳಿವುಗಳಲ್ಲಿ ಆಕೆಯ ಪಾತ್ರವೆಷ್ಟು ಎಂಬ ಪ್ರಶ್ನೆಗಳು ಹಿಂದೆ ಬಿದ್ದುವು.

ಈ ಮಾತಿಗೆ ದೇವಿಕಾ ರಾಣಿಯವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಅವರ ಹೆಸರನ್ನು ಕೇಳಿದೊಡನೆ ಸಾಮಾನ್ಯ ವಾಚಕರಿಗೆ ನೆನಪಾಗುವುದು ಒಂದು ಚುಂಬನದೃಶ್ಯ. ಐದು ವರ್ಷಗಳ ಕಾಲ ದೇಶದ ಪ್ರಮುಖ ಚಿತ್ರಾಗಾರವೊಂದರ ನಿರ್ಮಾಣಕಾರ್ಯದ ಹೊಣೆ ಹೊತ್ತವರು ಅವರೇ ಎಂಬ ಸಂಗತಿ ಹಾಗೆ ನೆನಪಾಗುವುದಿಲ್ಲ. ಅವರ ವೃತ್ತಿಜೀವನವನ್ನು ಬಾಂಬೆ ಟಾಕೀಸ್ ಸಂಸ್ಥೆಯ ಇತಿಹಾಸದೊಡನೆ ಹೊಂದಿಸಿ ನೋಡಿದರೆ ಈ ಎರಡು ನೆನಪುಗಳ ತೂಕ ಅದಲುಬದಲಾಗಬೇಕೆಂಬುದನ್ನು ತೋರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨. ತೆರೆಯ ಮೇಲೆ ಸ್ತ್ರೀ: ಹಿನ್ನೆಲೆ

೧೯೧೩ರಲ್ಲಿ ದಾದಾಸಾಹೇಬ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತಯಾರಿಸಿದಾಗ ತಾರಾಮತಿಯ ಪಾತ್ರವನ್ನು ವಹಿಸಿದವನು ಸಾಳುಂಕೆ ಎಂಬ ಪುರುಷ. ಅದೇ ವರ್ಷದ 'ಮೋಹಿನೀ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದರಾದರೂ, ಅಲ್ಲಿಂದ ಮುಂದೆಯೂ 'ಕುಲೀನ' ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲುವುದನ್ನು ಸಮಾಜ ಒಪ್ಪಲಿಲ್ಲ. ಮೂಕಚಿತ್ರಗಳ ಯುಗದಲ್ಲಿ ನಾಯಿಕೆಯರಾಗಿ ಪ್ರಸಿದ್ಧರಾದವರಲ್ಲಿ ಅನೇಕರು ಆಂಗ್ಲೋ-ಇಂಡಿಯನ್ ಅಥವಾ ಯೆಹೂದಿ ಮನೆತನದವರು. ಉಳಿದವರಲ್ಲಿ ಹಲವರು ಹಾಡು ನೃತ್ಯಗಳನ್ನು ವಂಶಪರಂಪರೆಯ ವೃತ್ತಿಯಾಗಿ ಹೊಂದಿದವರು. ದಿವಾನ್ ಬಹದ್ದೂರ್ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ೧೯೨೭ರಲ್ಲಿ ನೇಮಕವಾದ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿಯ ಮುಂದೆಯೂ ಈ ಪ್ರಶ್ನೆ ಬಂದಿತು. ವಿದ್ಯಾವಂತ ಸ್ತ್ರೀಯರು ಚಿತ್ರರಂಗಕ್ಕೆ ಬಾರದಿರುವುದು ಚಿತ್ರಗಳ ಮಟ್ಟ ಕೆಳಗಿರಲು ಒಂದು ಕಾರಣವೆಂಬುದು ಆ ಕಾಲದ ಸಾಮಾನ್ಯ ಅಭಿಪ್ರಾಯ.

ಈ ಅಭಿಪ್ರಾಯವನ್ನು ಎಚ್ಚರಿಕೆಯಿಂದ ನೋಡಬೇಕು. ವಿದ್ಯೆ ಮತ್ತು ಕುಲೀನತೆ ಎಂಬ ಎರಡು ಬೇರೆ ಬೇರೆ ವಿಷಯಗಳನ್ನು ಅದು ಒಂದೇ ಎಂದು ಭಾವಿಸಿತು. ಅದುವರೆಗೆ ತೆರೆಯ ಮೇಲೆ ದುಡಿದಿದ್ದ ಸ್ತ್ರೀಯರ ಪರಿಶ್ರಮವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೂ ಚಿತ್ರೋದ್ಯಮಕ್ಕೆ ಬಂಡವಾಳವನ್ನೂ ಗೌರವವನ್ನೂ ತರಬಯಸಿದವರಿಗೆ ಈ ಅಭಿಪ್ರಾಯ ಒಂದು ಸಾಧನವಾಯಿತು. ದೇವಿಕಾ ರಾಣಿಯವರ ಪ್ರವೇಶವಾದುದು ಇಂಥ ಸನ್ನಿವೇಶದಲ್ಲಿ.

೩. ಜನನ, ವಿದ್ಯಾಭ್ಯಾಸ, ವಿವಾಹ

ದೇವಿಕಾ ರಾಣಿಯವರು ೧೯೦೮ರ ಮಾರ್ಚ್ ೩೦ರಂದು ವಾಲ್ಟೇರಿನಲ್ಲಿ, ಎಂದರೆ ಇಂದಿನ ವಿಶಾಖಪಟ್ಟಣದಲ್ಲಿ, ಜನಿಸಿದರು. ತಂದೆ ಕರ್ನಲ್ ಎಂ. ಎನ್. ಚೌಧುರಿಯವರು ಮದರಾಸು ಪ್ರಾಂತದ ಸರ್ಜನ್ ಜನರಲ್ ಪದವಿಗೇರಿದ ಪ್ರಥಮ ಭಾರತೀಯರು. ಮನೆತನ ಬಂಗಾಳದ ಜಮೀನ್ದಾರ ವರ್ಗಕ್ಕೆ ಸೇರಿದ್ದು. ರವೀಂದ್ರನಾಥ ಠಾಕೂರರ ಬಂಧುವರ್ಗದೊಡನೆ ಸಂಬಂಧವುಳ್ಳದ್ದು. ಬಾಲ್ಯದಲ್ಲಿಯೇ ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಲ್ಪಟ್ಟ ಅವರು, ಮುಂದೆ ಲಂಡನ್ನಿನಲ್ಲಿ ನಾಟ್ಯಕಲೆ, ಸಂಗೀತ ಮತ್ತು ವಸ್ತ್ರವಿನ್ಯಾಸಗಳಲ್ಲಿ ಶಿಕ್ಷಣ ಪಡೆದರು. ಮನೆತನದ ಸಾಧಾರಣ ಕನ್ಯೆಗೆ ದೊರೆಯುತ್ತಿದ್ದ ಅಲಂಕಾರದ ವಿದ್ಯೆ ಇದಲ್ಲ. ತನ್ನ ಕಾಲಿನ ಮೇಲೆ ತಾನು ನಿಲ್ಲಲು ಬೇಕಾದ ವೃತ್ತಿಶಿಕ್ಷಣ ಎಂಬುದನ್ನು ಗಮನಿಸಬೇಕು.

೧೯೨೮ರಲ್ಲಿ ಲಂಡನ್ನಿನಲ್ಲಿ ಅವರಿಗೆ ಹಿಮಾಂಶು ರಾಯ್ ಅವರ ಪರಿಚಯವಾಯಿತು. ರಾಯ್ ಅವರು ನ್ಯಾಯಶಾಸ್ತ್ರ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋಗಿ ರಂಗಭೂಮಿಗೆ ಮರುಳಾದವರು. ಬಿಪಿನ್‌ಚಂದ್ರ ಪಾಲರ ಮಗ ನಿರಂಜನ ಪಾಲರು ಬರೆದ ಕಥೆಗಳನ್ನು ಆಧರಿಸಿ, ಜರ್ಮನ್ ನಿರ್ದೇಶಕ ಫ್ರಾಂಜ್ ಓಸ್ಟೆನ್ ಅವರ ಸಹಕಾರದಿಂದ, 'ಪ್ರೇಮ ಸನ್ಯಾಸ' (೧೯೨೫), 'ಶಿರಾಜ್' (೧೯೨೮), 'ಪ್ರಪಂಚ ಪಾಶ' (೧೯೨೯) ಎಂಬ ಮೂರು ಮೂಕಚಿತ್ರಗಳನ್ನು ಅವರು ಹೊರತಂದರು. ಈ ಮೂರರಲ್ಲಿಯೂ ಅಭಿನಯಿಸಿದ ಸೀತಾದೇವಿಯವರು ಆಂಗ್ಲೋ-ಇಂಡಿಯನ್ ಮನೆತನದವರು. ದೇವಿಕಾ ರಾಣಿಯವರು ಮೊದಲು ಸೇರಿದುದು ನಟಿಯಾಗಿಯಲ್ಲ. 'ಪ್ರಪಂಚ ಪಾಶ' ಚಿತ್ರದ ಉಡುಪು ಮತ್ತು ಅಲಂಕರಣ ವಿಭಾಗದ ಸಹಾಯಕಿಯಾಗಿ. ೧೯೨೯ರಲ್ಲಿ ವಿವಾಹವಾದ ಮೇಲೆ ದಂಪತಿಗಳು ಜರ್ಮನಿಯಲ್ಲಿ ಕೆಲಕಾಲ ನೆಲೆಸಿದರು. ಬರ್ಲಿನ್ನಿನ ಊಫಾ ಚಿತ್ರಾಗಾರವು ಆಗ ಯೂರೋಪಿನಲ್ಲಿ ಅಗ್ರಗಣ್ಯವಾದುದು. ಬೆಳಕಿನ ಜೋಡಣೆ, ಮುಖವರ್ಣಿಕೆ, ದೃಶ್ಯಸಜ್ಜಿಕೆ, ಸಂಕಲನ ಇವೆಲ್ಲವನ್ನೂ ಹತ್ತಿರದಿಂದ ಕಾಣುವ ಅವಕಾಶ ಅವರಿಗೆ ಅಲ್ಲಿ ದೊರೆಯಿತು. ಮುಂದೆ ಅವರು ಚಿತ್ರಸಂಸ್ಥೆಯೊಂದನ್ನು ನಡೆಸಬಲ್ಲವರಾದುದಕ್ಕೆ ಈ ಅಭ್ಯಾಸಕಾಲವೇ ಬುನಾದಿ.

೪. 'ಕರ್ಮ' ಚಿತ್ರವೂ ಒಂದು ಐತಿಹ್ಯವೂ

ವಾಕ್ಚಿತ್ರದ ಆಗಮನದಿಂದಲೂ ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದಲೂ ಅಂತರರಾಷ್ಟ್ರೀಯ ಸಹನಿರ್ಮಾಣ ಕಠಿನವಾಯಿತು. ಆ ಹಾದಿಯ ಕೊನೆಯ ಪ್ರಯತ್ನವೇ 'ಕರ್ಮ'. ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳೆರಡರಲ್ಲಿಯೂ ತಯಾರಾದ ಈ ಚಿತ್ರ ೧೯೩೩ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶಿತವಾಯಿತು. ಸುಧಾರಣೆಯ ಮನೋಭಾವದ ರಾಣಿಯೊಬ್ಬಳು ನೆರೆರಾಜ್ಯದ ರಾಜಕುಮಾರನನ್ನು ಪ್ರೀತಿಸುವುದೂ ಅವನ ತಂದೆ ಅದಕ್ಕೆ ಅಡ್ಡಬರುವುದೂ ಕಥಾವಸ್ತು. ರಾಜಕುಮಾರನ ಪಾತ್ರ ಸ್ವತಃ ಹಿಮಾಂಶು ರಾಯ್ ಅವರದು. ಲಂಡನ್ನಿನ ಪತ್ರಿಕೆಗಳು ನಾಯಿಕೆಯ ರೂಪವನ್ನೂ ಇಂಗ್ಲಿಷ್ ಉಚ್ಚಾರಣೆಯನ್ನೂ ಹೊಗಳಿದುವು. ಭಾರತದಲ್ಲಿ ಬಿಡುಗಡೆಯಾದ ಹಿಂದಿ ಆವೃತ್ತಿಗೆ ಅಂಥ ಯಶಸ್ಸು ಲಭಿಸಲಿಲ್ಲ.

ಈ ಚಿತ್ರದಲ್ಲಿ ನಾಲ್ಕು ನಿಮಿಷಗಳ ಕಾಲದ ಅಖಂಡ ಚುಂಬನವೊಂದಿದೆಯೆಂದು ಅನೇಕ ಗ್ರಂಥಗಳೂ ಲೇಖನಗಳೂ ಒಂದನ್ನು ನೋಡಿ ಇನ್ನೊಂದು ಬರೆಯುತ್ತ ಬಂದಿವೆ. ಚಿತ್ರದ ಪ್ರತಿ ಇಂದಿಗೂ ಉಳಿದಿದೆ. ಅದನ್ನು ನೋಡಿದವರಿಗೆ ಕಾಣುವುದು ಬೇರೆಯೇ. ಸರ್ಪದಷ್ಟನಾಗಿ ಪ್ರಜ್ಞೆ ತಪ್ಪಿ ಬಿದ್ದ ರಾಜಕುಮಾರನನ್ನು ಎಚ್ಚರಿಸಲು ರಾಣಿ ಮತ್ತೆ ಮತ್ತೆ ಅವನನ್ನು ಚುಂಬಿಸುತ್ತಾಳೆ. ಅದು ಬಿಡಿಬಿಡಿಯಾದ ಕೆಲವು ಚುಂಬನಗಳ ಸರಣಿಯೇ ಹೊರತು ಅಖಂಡವಾದ ಒಂದಲ್ಲ. ಹೇಳಲಾಗುವ ಅವಧಿಯನ್ನು ಅದು ಮುಟ್ಟುವುದೂ ಇಲ್ಲ. ದೃಶ್ಯದ ಭಾವ ಶೋಕ ಮತ್ತು ಆತಂಕ, ಶೃಂಗಾರವಲ್ಲ.

ಸಣ್ಣ ವಿಷಯವೆಂದು ಇದನ್ನು ಬಿಡುವಂತಿಲ್ಲ. ಮೂಲ ಆಕರ ಕಣ್ಣೆದುರಿಗಿದ್ದರೂ ಅದನ್ನು ನೋಡದೆ ಮಾತು ಮಾತಿನಿಂದ ಬೆಳೆದ ಐತಿಹ್ಯವನ್ನು ನಂಬುವುದು ಶಾಸನಗಳ ವಿಷಯದಲ್ಲಾದರೆ ಯಾವ ಅಧ್ಯಾಪಕನೂ ಕ್ಷಮಿಸದ ದೋಷ. ಚಲಚ್ಚಿತ್ರದ ವಿಷಯದಲ್ಲಿ ಅದನ್ನು ಕ್ಷಮಿಸಲು ಕಾರಣವಿಲ್ಲ. ಇದಲ್ಲದೆ, ಒಬ್ಬ ಸ್ತ್ರೀಯ ಇಡೀ ಬಾಳಿನ ದುಡಿಮೆಯನ್ನು ಒಂದು ದೃಶ್ಯಕ್ಕೆ ಇಳಿಸುವ ಮನೋವೃತ್ತಿಯೂ ಈ ಐತಿಹ್ಯದ ಹಿಂದೆ ಇದೆ.

೫. ಬಾಂಬೆ ಟಾಕೀಸ್ ಸ್ಥಾಪನೆ

ಭಾರತಕ್ಕೆ ಹಿಂತಿರುಗಿದ ದಂಪತಿಗಳು ೧೯೩೪ರಲ್ಲಿ ಬೊಂಬಾಯಿಯ ಹೊರವಲಯದ ಮಲಾಡಿನಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ಯಮಿ ಎಫ್. ಇ. ದಿನ್‌ಷಾ ಅವರ ನೆರವು ಇದಕ್ಕೆ ದೊರೆಯಿತು. ಒಬ್ಬ ಸೇಠನ ಇಚ್ಛೆಯಂತೆ ನಡೆಯುವ ಅಂಗಡಿಯಾಗಿರದೆ, ಷೇರುದಾರರನ್ನೂ ನಿರ್ದೇಶಕ ಮಂಡಲಿಯನ್ನೂ ಹೊಂದಿದ ಸೀಮಿತ ಹೊಣೆಯ ಕಂಪನಿಯಾಗಿ ಅದು ರೂಪುಗೊಂಡಿತು. ಬೊಂಬಾಯಿಯ ಗಣ್ಯ ನಾಗರಿಕರು ಮಂಡಲಿಯಲ್ಲಿದ್ದರು. ಫ್ರಾಂಜ್ ಓಸ್ಟೆನ್ ನಿರ್ದೇಶನಕ್ಕೂ, ಜೋಸೆಫ್ ವಿರ್ಶಿಂಗ್ ಛಾಯಾಗ್ರಹಣಕ್ಕೂ, ಕಾರ್ಲ್ ಫಾನ್ ಸ್ಪ್ರೇಟಿ ದೃಶ್ಯಸಜ್ಜಿಕೆಗೂ ಜರ್ಮನಿಯಿಂದ ಬಂದರು. ಅವರ ಕೈಕೆಳಗೆ ಭಾರತೀಯ ಯುವಕರು ಕೆಲಸ ಕಲಿತರು, ಪದವೀಧರರಿಗೆ ಆದ್ಯತೆಯಿತ್ತು.

ಇದೇ ೧೯೩೪ರಲ್ಲಿ ಕನ್ನಡದ ಪ್ರಥಮ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡಿತು ಎಂಬುದನ್ನು ಇಲ್ಲಿ ನೆನೆಯಬಹುದು. ನಮ್ಮವರಿಗೆ ಆಗ ಸ್ವಂತ ಚಿತ್ರಾಗಾರವಿರಲಿಲ್ಲ. ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ತ್ರಿಪುರಾಂಬಾ, ಲಕ್ಷ್ಮೀಬಾಯಿ ಮೊದಲಾದ ಕಲಾವಿದೆಯರನ್ನು ಅದಕ್ಕೆ ಒದಗಿಸಿದುದು ನಾಟಕ ಕಂಪನಿಗಳ ಲೋಕ. ಕನ್ನಡ ಚಿತ್ರ ರಂಗಭೂಮಿಯ ಬಸಿರಿನಿಂದ ಹುಟ್ಟಿತು. ಬಾಂಬೆ ಟಾಕೀಸ್ ಆದರೋ ಬರ್ಲಿನ್ನಿನ ಕಾರ್ಖಾನೆಯ ಮಾದರಿಯಲ್ಲಿ ಬೆಳೆಯಿತು. ಎರಡು ಹಾದಿಗಳಿಗೂ ಅವುಗಳದೇ ಬೆಲೆಯುಂಟು.

'ಕುಲೀನತೆ'ಯ ಪ್ರಶ್ನೆ ಸಂಸ್ಥೆಯ ಮೊದಲ ಚಿತ್ರದಲ್ಲಿಯೇ ತಲೆದೋರಿತು. 'ಜವಾನೀ ಕೀ ಹವಾ' (೧೯೩೫) ಚಿತ್ರಕ್ಕೆ ಸಂಗೀತ ನೀಡಿದ ಖುರ್ಷಿದ್ ಹೋಮ್ಜಿ ಮತ್ತು ಅದರಲ್ಲಿ ಅಭಿನಯಿಸಿದ ಅವರ ಸೋದರಿ ಪಾರ್ಸಿ ಮನೆತನದವರು. ತಮ್ಮ ಜನಾಂಗದ ಹೆಣ್ಣುಮಕ್ಕಳು ಚಿತ್ರರಂಗಕ್ಕೆ ಸೇರುವುದನ್ನು ಪಾರ್ಸಿ ಸಮಾಜದ ಒಂದು ವರ್ಗ ಬಲವಾಗಿ ವಿರೋಧಿಸಿತು. ಸೋದರಿಯರು ಸರಸ್ವತೀದೇವಿ, ಚಂದ್ರಪ್ರಭಾ ಎಂಬ ಹೆಸರುಗಳನ್ನು ಧರಿಸಿ ಕೆಲಸ ಮುಂದುವರಿಸಿದರು. ಭಾರತೀಯ ಚಿತ್ರರಂಗದ ಮೊದಲ ಸ್ತ್ರೀ ಸಂಗೀತ ನಿರ್ದೇಶಕರಲ್ಲಿ ಸರಸ್ವತೀದೇವಿಯವರು ಒಬ್ಬರು. ಹೆಣ್ಣಿನ ಹೆಸರು ತೆರೆಯ ಮೇಲೆ ಬರುವುದೇ ಅಪಮಾನವೆಂದು ಭಾವಿಸಿದ ಕಾಲದಲ್ಲಿ ಅವರ ಬೆಂಬಲಕ್ಕೆ ನಿಂತ ಸಂಸ್ಥೆಯ ಧೈರ್ಯವನ್ನು ಮರೆಯುವಂತಿಲ್ಲ.

೬. ೧೯೩೬: ಬಿಕ್ಕಟ್ಟು ಮತ್ತು ಕೀರ್ತಿ

ಮೊದಲ ಚಿತ್ರದ ನಾಯಕ ನಜ್ಮುಲ್ ಹಸನ್. 'ಜೀವನ ನೈಯಾ' ಚಿತ್ರೀಕರಣದ ಸಮಯದಲ್ಲಿ ದೇವಿಕಾ ರಾಣಿಯವರು ಈ ನಟನೊಡನೆ ಸಂಸ್ಥೆಯನ್ನು ತೊರೆದು ಹೋದರು. ಶಶಧರ ಮುಖರ್ಜಿಯವರ ಸಂಧಾನದ ಫಲವಾಗಿ ಅವರು ಹಿಂತಿರುಗಿದರು. ನಜ್ಮುಲ್ ಹಸನ್ ಹಿಂತಿರುಗಲಿಲ್ಲ. ತೆರವಾದ ಸ್ಥಾನಕ್ಕೆ ರಸಾಯನಾಗಾರದಲ್ಲಿ ಕೆಲಸಮಾಡುತ್ತಿದ್ದ ಅಶೋಕಕುಮಾರರನ್ನು ಆರಿಸಲಾಯಿತು. ಈ ಪ್ರಸಂಗವನ್ನು ಲೋಕಪ್ರಸಿದ್ಧಗೊಳಿಸಿದುದು ಉರ್ದು ಕಥೆಗಾರ ಸಾದತ್ ಹಸನ್ ಮಂಟೋ ಬರೆದ ಅಶೋಕಕುಮಾರರ ವ್ಯಕ್ತಿಚಿತ್ರ. ಮಂಟೋ ಶ್ರೇಷ್ಠ ಲೇಖಕರು; ಆದರೆ ಘಟನೆಯ ಕಾಲದಲ್ಲಿ ಅವರು ಆ ಸಂಸ್ಥೆಯಲ್ಲಿ ಇರಲಿಲ್ಲ, ಕೇಳಿದುದನ್ನು ಕಥೆಗಾರನ ಕೌಶಲದಿಂದ ಬರೆದರು. ಇತಿಹಾಸಕ್ಕೆ ಮುಖ್ಯವಾದುದು ಪ್ರಣಯದ ವಿವರವಲ್ಲ, ಅದರ ಪರಿಣಾಮ. ನಾಯಿಕೆಯಿಲ್ಲದೆ ಸಂಸ್ಥೆ ನಡೆಯಲಾರದು ಎಂಬುದು ಆಗ ಸ್ಪಷ್ಟವಾಯಿತು. ಷೇರುದಾರರ ಹಣ ನಿಂತುದು ಆಕೆಯ ಹೆಸರಿನ ಮೇಲೆ. ಹಿಂತಿರುಗಿದ ಮೇಲೆ ಅವರ ಸ್ಥಾನ ಕುಗ್ಗಲಿಲ್ಲ ಎಂಬುದೇ ಈ ಮಾತಿಗೆ ಸಾಕ್ಷಿ.

ಅದೇ ವರ್ಷ ಓಸ್ಟೆನ್ ನಿರ್ದೇಶನದಲ್ಲಿ ಹೊರಬಂದ 'ಅಛೂತ್ ಕನ್ಯಾ' ದೇವಿಕಾ ರಾಣಿ ಮತ್ತು ಅಶೋಕಕುಮಾರರ ಜೋಡಿಗೆ ದೇಶವ್ಯಾಪಿ ಕೀರ್ತಿ ತಂದಿತು. ರೈಲುದಾರಿಯ ಗೇಟು ಕಾಯುವ ದುಖಿಯಾ ಅಸ್ಪೃಶ್ಯನೆನಿಸಿದವನು. ಹಾವು ಕಚ್ಚಿದ ಬ್ರಾಹ್ಮಣ ವ್ಯಾಪಾರಿಯೊಬ್ಬನ ಗಾಯದಿಂದ ವಿಷವನ್ನು ಬಾಯಿಂದ ಹೀರಿ ಅವನ ಪ್ರಾಣ ಉಳಿಸುತ್ತಾನೆ. ಅಲ್ಲಿಂದ ಎರಡು ಮನೆಗಳ ಸ್ನೇಹ ಬೆಳೆಯುತ್ತದೆ. ದುಖಿಯಾನ ಮಗಳು ಕಸ್ತೂರಿಯೂ ವ್ಯಾಪಾರಿಯ ಮಗ ಪ್ರತಾಪನೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಜಾತಿ ಅವರನ್ನು ಬೇರ್ಪಡಿಸುತ್ತದೆ. ಇಬ್ಬರಿಗೂ ಬೇರೆ ಕಡೆ ಮದುವೆಯಾಗುತ್ತದೆ. ಕೊನೆಯಲ್ಲಿ ರೈಲುಗೇಟಿನ ಬಳಿ ಪ್ರತಾಪನಿಗೂ ಕಸ್ತೂರಿಯ ಗಂಡನಿಗೂ ಕೈಕೈ ಹತ್ತಿದಾಗ, ಅವರನ್ನು ಉಳಿಸಲು ಬರುತ್ತಿರುವ ರೈಲಿಗೆ ಎದುರಾಗಿ ಓಡಿದ ಕಸ್ತೂರಿ ಪ್ರಾಣ ಬಿಡುತ್ತಾಳೆ.

ಕಾಲದ ಹಿನ್ನೆಲೆಯನ್ನು ನೆನೆದರೆ ಈ ಕಥೆಯ ಮಹತ್ವ ತಿಳಿಯುತ್ತದೆ. ೧೯೩೨ರಲ್ಲಿ ಪುಣೆ ಒಪ್ಪಂದವಾಗಿತ್ತು. ೧೯೩೬ರಲ್ಲಿಯೇ ಡಾ. ಬಿ. ಆರ್. ಅಂಬೇಡ್ಕರ್ ಅವರು ಜಾತಿವಿನಾಶವನ್ನು ಕುರಿತ ತಮ್ಮ ಪ್ರಸಿದ್ಧ ಭಾಷಣವನ್ನು, ಅದನ್ನು ಮಾಡಲು ಅವಕಾಶ ದೊರೆಯದೆ, ಪುಸ್ತಕರೂಪದಲ್ಲಿ ಪ್ರಕಟಿಸಿದರು. ಅದೇ ವರ್ಷದ ನವೆಂಬರ್ ೧೨ರಂದು ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ರಾಜಾಜ್ಞೆ ಹೊರಟಿತು. ಇಂಥ ವರ್ಷದಲ್ಲಿ ಸಾಮಾನ್ಯ ಪ್ರೇಕ್ಷಕನಿಗೆ ಅಸ್ಪೃಶ್ಯತೆಯ ಕ್ರೌರ್ಯವನ್ನು ಮನಮುಟ್ಟುವಂತೆ ತೋರಿಸಿದ ಕೀರ್ತಿ ಈ ಚಿತ್ರಕ್ಕೆ ಸಲ್ಲಬೇಕು. ಹಿನ್ನೆಲೆ ಗಾಯನ ರೂಢಿಗೆ ಬರುವ ಮುನ್ನ ನಾಯಕ ನಾಯಿಕೆಯರು ತಮ್ಮ ಕಂಠದಿಂದಲೇ ಹಾಡಿದ ಯುಗಳಗೀತೆ ಮನೆಮಾತಾಯಿತು.

ಆದರೆ ಚಿತ್ರದ ಮಿತಿಯನ್ನೂ ಹೇಳಬೇಕು. ಸಮಸ್ಯೆಗೆ ಪರಿಹಾರವಾಗಿ ಬರುವುದು ದಲಿತ ಕನ್ಯೆಯ ಆತ್ಮಬಲಿ. ಅವಳು ಸತ್ತು ಪೂಜ್ಯಳಾಗುತ್ತಾಳೆ, ಬದುಕಿ ಹಕ್ಕು ಪಡೆಯುವುದಿಲ್ಲ. ಹಳ್ಳಿಯ ಬಡ ಹುಡುಗಿಯ ಪಾತ್ರದಲ್ಲಿ ನಾಯಿಕೆಯ ತಿದ್ದಿದ ಹುಬ್ಬುಗಳೂ ನಯವಾದ ಮುಖವರ್ಣಿಕೆಯೂ ಎದ್ದುಕಾಣುತ್ತವೆ. ಇದಕ್ಕಿಂತ ಗಂಭೀರವಾದ ಒಂದು ಹೋಲಿಕೆಯುಂಟು. ಮಲಯಾಳದ ಪ್ರಥಮ ಮೂಕಚಿತ್ರವಾದ, ಜೆ. ಸಿ. ಡೇನಿಯಲ್ ಅವರ 'ವಿಗತಕುಮಾರನ್'ನಲ್ಲಿ ದಲಿತ ಮನೆತನದ ಪಿ. ಕೆ. ರೋಸಿ ನಾಯರ್ ಸ್ತ್ರೀಯ ಪಾತ್ರ ವಹಿಸಿದರು. ಕುಪಿತರಾದ ಮೇಲ್ಜಾತಿಯವರ ಹಿಂಸೆಗೆ ಹೆದರಿ ಅವರು ತಿರುವನಂತಪುರವನ್ನೇ ಬಿಟ್ಟು ಓಡಬೇಕಾಯಿತು. ಉಚ್ಚ ಮನೆತನದ ಸ್ತ್ರೀ ತೆರೆಯ ಮೇಲೆ ಅಸ್ಪೃಶ್ಯಳಾದರೆ ಅದು ಕಲೆ ಮತ್ತು ಸುಧಾರಣೆ. ದಲಿತ ಸ್ತ್ರೀ ತೆರೆಯ ಮೇಲೆ ಉಚ್ಚಕುಲದವಳಾದರೆ ಅದು ಅಪರಾಧ. ದೇವಿಕಾ ರಾಣಿಯವರಿಗೆ ದೊರೆತ ಗೌರವದಲ್ಲಿ ಅವರ ಪ್ರತಿಭೆಯ ಪಾಲೆಷ್ಟೋ ಅವರ ಜನ್ಮದ ಪಾಲೂ ಅಷ್ಟೇ ಇತ್ತು ಎಂಬುದನ್ನು ಈ ಹೋಲಿಕೆ ನಿಸ್ಸಂದೇಹವಾಗಿ ತಿಳಿಸುತ್ತದೆ.

ಮುಂದಿನ ವರ್ಷಗಳಲ್ಲಿ 'ಜೀವನ ಪ್ರಭಾತ', 'ಇಜ್ಜತ್', 'ಸಾವಿತ್ರಿ' (ಮೂರೂ ೧೯೩೭), 'ನಿರ್ಮಲಾ', 'ವಚನ್' (೧೯೩೮), 'ದುರ್ಗಾ' (೧೯೩೯) ಚಿತ್ರಗಳು ಬಂದುವು. ಒಟ್ಟು ಚಿತ್ರಗಳ ಸಂಖ್ಯೆ ಸುಮಾರು ಹದಿನೈದು. ಮಿತವಾದ ಹಾವಭಾವ, ತಗ್ಗಿದ ಧ್ವನಿ, ಕಣ್ಣಿನಿಂದಲೇ ಭಾವಪ್ರಕಾಶನ, ಇವು ಅವರ ಅಭಿನಯದ ಲಕ್ಷಣಗಳು. ಪಾರ್ಸಿ ರಂಗಭೂಮಿಯ ಅಬ್ಬರದ ಶೈಲಿಗೆ ಒಗ್ಗಿದ ಪ್ರೇಕ್ಷಕರಿಗೆ ಇದು ಹೊಸತು. ಇದಕ್ಕೆ ವಿರ್ಶಿಂಗ್ ಅವರ ಬೆಳಕಿನ ಜೋಡಣೆ ಬಹುಮಟ್ಟಿಗೆ ಸಹಾಯಕವಾಯಿತು. ೧೯೩೯ರ 'ಕಂಗನ್' ಚಿತ್ರದಿಂದ ಧಾರವಾಡದಲ್ಲಿ ಜನಿಸಿದ, ಸ್ವತಃ ಪದವೀಧರೆಯಾದ ಲೀಲಾ ಚಿಟ್ಣೀಸರು ಸಂಸ್ಥೆಯ ನಾಯಿಕೆಯಾದರು. ವಿದ್ಯಾವಂತ ಸ್ತ್ರೀಯರಿಗೆ ದೇವಿಕಾ ರಾಣಿಯವರು ತೆರೆದ ಬಾಗಿಲು ಹೀಗೆ ಇತರರಿಗೂ ದಾರಿಯಾಯಿತು.

೭. ಸಂಸ್ಥೆಯ ನೊಗ: ೧೯೪೦–೧೯೪೫

೧೯೩೯ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಪ್ರಜೆಗಳಾದ ಓಸ್ಟೆನ್, ವಿರ್ಶಿಂಗ್ ಮೊದಲಾದವರನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿತು. ಸಂಸ್ಥೆ ಒಮ್ಮೆಲೇ ತನ್ನ ಪ್ರಮುಖ ತಂತ್ರಜ್ಞರನ್ನು ಕಳೆದುಕೊಂಡಿತು. ಅತಿಶ್ರಮದಿಂದ ಬಳಲಿದ ಹಿಮಾಂಶು ರಾಯ್ ಅವರು ೧೯೪೦ರ ಮೇ ತಿಂಗಳಲ್ಲಿ ನಿಧನರಾದರು. ಮೂವತ್ತೆರಡು ವರ್ಷ ವಯಸ್ಸಿನ ವಿಧವೆ ಸಂಸ್ಥೆಯ ನಿರ್ಮಾಣಾಧಿಕಾರವನ್ನು ವಹಿಸಿಕೊಂಡರು. ಆ ಕಾಲದ ಭಾರತದಲ್ಲಿ ಸಾರ್ವಜನಿಕರ ಬಂಡವಾಳದಿಂದ ನಡೆಯುವ ದೊಡ್ಡ ಉದ್ಯಮವೊಂದನ್ನು ಸ್ತ್ರೀ ನಡೆಸುವುದು ಅತ್ಯಂತ ಅಪೂರ್ವ.

ಅವರ ಆಡಳಿತಕಾಲದ ಫಲಿತಾಂಶಗಳು ಗಮನಾರ್ಹ. ನಿರ್ಮಾಣಕಾರ್ಯವನ್ನು ಎರಡು ತಂಡಗಳಿಗೆ ಹಂಚಲಾಯಿತು: ಒಂದಕ್ಕೆ ಶಶಧರ ಮುಖರ್ಜಿ, ಇನ್ನೊಂದಕ್ಕೆ ಅಮಿಯ ಚಕ್ರವರ್ತಿ ಮುಖ್ಯರು. 'ಬಸಂತ್' (೧೯೪೨) ಜನಪ್ರಿಯವಾಯಿತು. ಮುಂದೆ ಮಧುಬಾಲಾ ಎಂದು ಹೆಸರಾದ ಬಾಲಿಕೆ ಅದರಲ್ಲಿ ಕಾಣಿಸಿಕೊಂಡಳು. ಜ್ಞಾನ ಮುಖರ್ಜಿಯವರ ನಿರ್ದೇಶನದ 'ಕಿಸ್ಮತ್' (೧೯೪೩) ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಗಳಿಗೂ ಮೀರಿ ನಡೆಯಿತು. ಕ್ವಿಟ್ ಇಂಡಿಯಾ ಚಳವಳಿಯ ಬೆನ್ನಿಗೇ ಬಂದ ಆ ಚಿತ್ರದ ದೇಶಭಕ್ತಿಯ ಹಾಡೊಂದರಲ್ಲಿ ಶತ್ರುಗಳೆಂದು ಜರ್ಮನಿ ಜಪಾನುಗಳ ಹೆಸರಿದ್ದುದರಿಂದ ಸೆನ್ಸಾರಿನವರು ಅಡ್ಡಿಮಾಡಲಿಲ್ಲ. ಪ್ರೇಕ್ಷಕರು ಮಾತ್ರ ಅದರ ಗುರಿ ಬೇರೆಯೆಂದು ಅರಿತು ಹರ್ಷಿಸಿದರು. ಯೂಸುಫ್ ಖಾನ್ ಎಂಬ ತರುಣನನ್ನು ನೌಕರಿಗೆ ತೆಗೆದುಕೊಂಡು 'ಜ್ವಾರ್ ಭಾಟಾ' (೧೯೪೪) ಚಿತ್ರದ ಮೂಲಕ ತೆರೆಗೆ ತಂದವರೂ ಅವರೇ. ದಿಲೀಪಕುಮಾರ್ ಎಂಬ ಹೆಸರನ್ನು ಸೂಚಿಸಿದವರು ದೇವಿಕಾ ರಾಣಿಯವರೆಂದು ಆ ನಟರು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಆದರೆ ತಂಡಗಳೆರಡರ ನಡುವೆ ಒಡಕು ಬೆಳೆಯಿತು. ೧೯೪೩ರಲ್ಲಿ ಶಶಧರ ಮುಖರ್ಜಿ, ಅಶೋಕಕುಮಾರ್, ರಾಯ್ ಬಹದ್ದೂರ್ ಚುನಿಲಾಲ್ ಮೊದಲಾದವರು ಹೊರಹೋಗಿ ಫಿಲ್ಮಿಸ್ತಾನ್ ಸಂಸ್ಥೆಯನ್ನು ಸ್ಥಾಪಿಸಿದರು. ಈ ಒಡಕನ್ನು ಸ್ತ್ರೀಯ ಆಡಳಿತದ ವೈಫಲ್ಯವೆಂದು ಬಗೆದವರುಂಟು. ವಾಸ್ತವಾಂಶಗಳು ಈ ತೀರ್ಮಾನವನ್ನು ಸಮರ್ಥಿಸುವುದಿಲ್ಲ. ಯುದ್ಧಕಾಲದಲ್ಲಿ ಕಚ್ಚಾ ಫಿಲ್ಮು ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿತು. ಯುದ್ಧದ ಗುತ್ತಿಗೆಗಳಲ್ಲಿ ದಿಢೀರನೆ ಲಾಭಗಳಿಸಿದವರ ಹಣ ಚಿತ್ರೋದ್ಯಮಕ್ಕೆ ಹರಿಯಿತು. ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದ ತಾರೆಯರಿಗೆ ಒಂದೊಂದು ಚಿತ್ರಕ್ಕೂ ಪ್ರತ್ಯೇಕವಾಗಿ ಭಾರಿ ಮೊತ್ತ ಕೊಡುವವರು ಹುಟ್ಟಿಕೊಂಡರು. ಸಂಬಳದ ನೌಕರರನ್ನು ನೆಚ್ಚಿ ನಿಂತ ಚಿತ್ರಾಗಾರ ಪದ್ಧತಿಯೇ ಕುಸಿಯತೊಡಗಿತು. ಪ್ರಭಾತ್, ನ್ಯೂ ಥಿಯೇಟರ್ಸ್ ಸಂಸ್ಥೆಗಳೂ ಪುರುಷರ ಆಡಳಿತದಲ್ಲಿದ್ದುಕೊಂಡೇ ಕೆಲವೇ ವರ್ಷಗಳ ಅಂತರದಲ್ಲಿ ಅದೇ ಗತಿಯನ್ನು ಕಂಡುವು. ಒಂದು ವ್ಯವಸ್ಥೆಯ ಅವನತಿಯನ್ನು ಒಬ್ಬ ವ್ಯಕ್ತಿಯ ದೋಷವೆಂದು ಹೇಳುವುದು ನ್ಯಾಯವಲ್ಲ.

'ಹಮಾರೀ ಬಾತ್' (೧೯೪೩) ಅವರು ಅಭಿನಯಿಸಿದ ಕೊನೆಯ ಚಿತ್ರ. ೧೯೪೫ರಲ್ಲಿ ಅವರು ಸಂಸ್ಥೆಯಿಂದ ನಿವೃತ್ತರಾದರು. ಅನಂತರ ಕೈಯಿಂದ ಕೈಗೆ ಸಾಗಿದ ಬಾಂಬೆ ಟಾಕೀಸ್ ೧೯೫೦ರ ದಶಕದ ಮಧ್ಯಭಾಗದಲ್ಲಿ ಮುಚ್ಚಿಹೋಯಿತು.

೮. ಬೆಂಗಳೂರಿನ ವರ್ಷಗಳು

೧೯೪೫ರಲ್ಲಿಯೇ ಅವರು ರಷ್ಯನ್ ಚಿತ್ರಕಾರ ನಿಕೊಲಾಸ್ ರೋರಿಕರ ಮಗ, ಸ್ವತಃ ಚಿತ್ರಕಾರರಾದ ಸ್ವೆತೊಸ್ಲಾವ್ ರೋರಿಕರನ್ನು ವಿವಾಹವಾದರು. ಹಿಮಾಲಯದ ಕುಲೂ ಕಣಿವೆಯಲ್ಲಿ ಕೆಲಕಾಲ ಇದ್ದು, ಆಮೇಲೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. ಅಲ್ಲಿ ಸುಮಾರು ೪೭೦ ಎಕರೆ ಜಮೀನಿನಲ್ಲಿ ಸುಗಂಧತೈಲ ಕೊಡುವ ಲಿನಾಲೋ ಮರಗಳನ್ನು ಬೆಳೆಸಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನೊಡನೆ ರೋರಿಕರ ಸಂಬಂಧ ನಿಕಟವಾಗಿತ್ತು. ಅವರ ಚಿತ್ರಗಳ ಸಂಗ್ರಹ ಅಲ್ಲಿ ಇದೆ.

ದೇವಿಕಾ ರಾಣಿಯವರು ಚಿತ್ರರಂಗವನ್ನು ಬಿಟ್ಟರೂ ಅದರ ಚಿಂತನೆಯನ್ನು ಬಿಡಲಿಲ್ಲ. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯು ದೆಹಲಿಯಲ್ಲಿ ನಡೆಸಿದ ಚಲಚ್ಚಿತ್ರ ವಿಚಾರಗೋಷ್ಠಿಯ ನಿರ್ದೇಶಕರಾಗಿ ಅವರು ಕೆಲಸಮಾಡಿದರು. ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಸ್ವತಂತ್ರ ಭಾರತದ ಸರ್ಕಾರ ಚಲಚ್ಚಿತ್ರವನ್ನು ಕಲೆಯೆಂದು ಮನ್ನಿಸಿ ವಿದ್ವಾಂಸರೊಡನೆ ಚರ್ಚಿಸಿದ ಮೊದಲ ಸಂದರ್ಭಗಳಲ್ಲಿ ಅದು ಒಂದು. ೧೯೫೮ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ, ೧೯೬೯ರ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಸಂದುವು. ಫಾಲ್ಕೆ ಪ್ರಶಸ್ತಿಯನ್ನು ಸ್ವೀಕರಿಸಿದವರಲ್ಲಿ ಅವರೇ ಮೊದಲಿಗರು. ಸ್ತ್ರೀಪಾತ್ರಕ್ಕೆ ಸ್ತ್ರೀ ದೊರೆಯದೆ ಪುರುಷನನ್ನು ಹುಡುಕಿಕೊಂಡ ಫಾಲ್ಕೆಯವರ ಹೆಸರಿನ ಪ್ರಥಮ ಗೌರವ ಒಬ್ಬ ನಟಿಗೆ ಸಂದುದು ಔಚಿತ್ಯಪೂರ್ಣ.

ರೋರಿಕರು ೧೯೯೩ರ ಜನವರಿ ೩೦ರಂದೂ, ದೇವಿಕಾ ರಾಣಿಯವರು ೧೯೯೪ರ ಮಾರ್ಚ್ ೯ರಂದೂ ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ಆಸ್ತಿಯ ಒಡೆತನದ ಬಗೆಗೆ ವಿವಾದಗಳೆದ್ದುವು. ೧೯೯೬ರಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯಿದೆಯ ಮೂಲಕ ಎಸ್ಟೇಟನ್ನು ಸ್ವಾಧೀನಪಡಿಸಿಕೊಂಡಿತು. ಆ ಕಾಯಿದೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ೨೦೧೧ರ ಆಗಸ್ಟ್ ೯ರಂದು ಕಾಯಿದೆಯನ್ನು ಎತ್ತಿಹಿಡಿಯಿತು. ಸಂವಿಧಾನದ ೩೦೦ಎ ವಿಧಿಯ ಮೇರೆಗೆ ಆಸ್ತಿಯ ಹಕ್ಕಿನ ಸ್ವರೂಪವನ್ನು ವಿವರಿಸಿದ ಈ ತೀರ್ಪು ಇಂದು ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ನಟಿಯೊಬ್ಬರ ತೋಟ ದೇಶದ ಸಂವಿಧಾನ ವ್ಯಾಖ್ಯಾನಕ್ಕೆ ಕಾರಣವಾಯಿತು ಎಂಬುದು ಇತಿಹಾಸದ ಒಂದು ವಿಚಿತ್ರ ಗತಿ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ದೇವಿಕಾ ರಾಣಿಯವರು ಗಂಡನ ಪ್ರತಿಭೆಯ ನೆರಳಲ್ಲಿ ಬೆಳೆದ ನಟಿಮಾತ್ರರಲ್ಲ. ಹಿಮಾಂಶು ರಾಯ್ ಅವರು ಸಂಸ್ಥೆಯನ್ನು ನಡೆಸಿದುದು ಆರು ವರ್ಷ. ಅವರ ಮರಣಾನಂತರ, ಯುದ್ಧದ ನಡುವೆ, ಜರ್ಮನ್ ತಂತ್ರಜ್ಞರ ನೆರವಿಲ್ಲದೆ, ದೇವಿಕಾ ರಾಣಿಯವರು ನಡೆಸಿದುದು ಐದು ವರ್ಷ. ಸಂಸ್ಥೆಗೆ ಅತ್ಯಂತ ಯಶಸ್ಸು ತಂದ ಚಿತ್ರ ಬಂದುದು ಈ ಎರಡನೆಯ ಅವಧಿಯಲ್ಲಿ. ಎರಡನೆಯದಾಗಿ, ಅವರು ತೆರೆದ ಬಾಗಿಲು ಎಲ್ಲ ಸ್ತ್ರೀಯರಿಗೂ ಸಮವಾಗಿ ತೆರೆಯಲಿಲ್ಲ. ಅದರ ಹೊಸ್ತಿಲಲ್ಲಿ ಕುಲ ಮತ್ತು ವರ್ಗಗಳು ಕಾವಲು ನಿಂತಿದ್ದುವು. ಇದನ್ನು ಹೇಳುವುದರಿಂದ ಅವರ ಸಾಧನೆಗೆ ಕುಂದಿಲ್ಲ. ಹೇಳದಿದ್ದರೆ ಇತಿಹಾಸಕ್ಕೆ ಕುಂದು. ಮೂರನೆಯದಾಗಿ, ಚಲಚ್ಚಿತ್ರವೂ ಒಂದು ಐತಿಹಾಸಿಕ ಆಕರ. ಅದನ್ನು ನೋಡಿ ಬರೆಯಬೇಕೇ ಹೊರತು ಕೇಳಿ ಬರೆಯಬಾರದು.

ಬಾಂಬೆ ಟಾಕೀಸಿನ ಕಾಗದಪತ್ರಗಳಲ್ಲಿ ಒಂದು ಭಾಗ ಹಿಮಾಂಶು ರಾಯ್ ಅವರ ವಂಶಸ್ಥರ ಆಸ್ಥೆಯಿಂದ ಆಸ್ಟ್ರೇಲಿಯಾದಲ್ಲಿ ಉಳಿದಿದೆ. ವಿರ್ಶಿಂಗ್ ಅವರ ಛಾಯಾಚಿತ್ರಗಳು ಅವರ ಕುಟುಂಬದ ರಕ್ಷಣೆಯಲ್ಲಿ ಉಳಿದು ಇತ್ತೀಚಿನ ವರ್ಷಗಳಲ್ಲಿ ಪ್ರದರ್ಶಿತವಾಗಿವೆ. ಒಂದು ದೇಶದ ಮಹತ್ತ್ವದ ಉದ್ಯಮದ ದಾಖಲೆಗಳು ಮನೆತನಗಳ ಪ್ರೀತಿಯಿಂದ ಉಳಿಯಬೇಕಾಗಿ ಬಂದುದು ನಮ್ಮ ಸಾರ್ವಜನಿಕ ಸಂಸ್ಥೆಗಳಿಗೆ ಎಚ್ಚರಿಕೆಯಾಗಬೇಕು. ಕನ್ನಡ ಚಿತ್ರರಂಗದ ಆರಂಭಕಾಲದ ಕಲಾವಿದೆಯರ ವಿಷಯದಲ್ಲಿಯೂ ಇದೇ 'ಕೆಲಸದ ಇತಿಹಾಸ' ಬರೆಯಬೇಕಾಗಿದೆ. ಕರಾರುಪತ್ರಗಳು, ಜಾಹೀರಾತುಗಳು, ನಾಟಕ ಕಂಪನಿಗಳ ಲೆಕ್ಕದ ಪುಸ್ತಕಗಳು ಊರೂರಿನ ಅಟ್ಟಗಳಲ್ಲಿ ಧೂಳು ಹಿಡಿಯುತ್ತಿರುವಾಗಲೇ ನಮ್ಮ ವಿದ್ಯಾರ್ಥಿಗಳು ಆ ಕಡೆಗೆ ಗಮನ ಕೊಡುವುದು ಲೇಸು.